ಚಂದ್ರನ ನೆರಳಿಗೆ ಕೋಲ್ಕತ್ತದಿಂದ ಒಂದು ಬಿನ್ನಹ

ತೀರ್ಥರೂಪ ಸಮಾನರಾದ ಶ್ರೀ ಚಂದ್ರನ ನೆರಳಿನವರ ಸನ್ನಿಧಿಗೆ,

ಕೋಲ್ಕತ್ತದ ಲೇಕ್ ಮಾರ್ಕೆಟ್ ಸಮೀಪದ ಕನ್ನಡದ ಮನೆಯೊಂದರಿಂದ ಅನಂತ ನಮಸ್ಕಾರಗಳು. ತಾವು ಒಂದೆಡೆ ನಿಲ್ಲುವವರಲ್ಲ, ತಮಗೆ ವಿಳಾಸವಿಲ್ಲ. ಹಾಗಾಗಿ ಈ ಬಿನ್ನಹವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿದವಳು, ಮದುವೆಯಾಗಿ ಈ ಊರಿಗೆ ಬಂದು ಇಲ್ಲಿಯವಳೇ ಆಗಿಹೋದವಳು. ತಮ್ಮ ಮೇಲೆ ನನಗೆ ಎಷ್ಟು ಭಕ್ತಿಯಿದೆಯೋ ಅಷ್ಟೇ ಅಸಮಾಧಾನವೂ ಇದೆ. ಎರಡನ್ನೂ ತಮ್ಮೆದುರು ಇಡಲು ಅಪ್ಪಣೆಯಾಗಬೇಕು.

ಮೊದಲು ಈ ಊರಿನ ಪರವಾಗಿ ಕೃತಜ್ಞತೆ. 1898ರ ಜನವರಿ 22ರಂದು ತಾವು ಕೊಂಕಣದ ವಿಜಯದುರ್ಗದಲ್ಲಿ ಭೂಮಿಗಿಳಿದು ಬಿಹಾರದ ಬಕ್ಸರ್ ಕಡೆಗೆ ದಯಮಾಡಿಸಿದಿರಿ. ಕಲ್ಕತ್ತೆ ಆಗ ದೇಶದ ರಾಜಧಾನಿ. ಇಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋಂ 1875ರಲ್ಲೇ ವೀಕ್ಷಣಾಲಯ ಕಟ್ಟಿಸಿದ್ದರು. ಅಂಥ ವೀಕ್ಷಣಾಲಯ ಮನೆಯಲ್ಲೇ ಇದ್ದರೂ ಆ ಕಾಲೇಜಿನ ಪಾದ್ರಿಗಳು ಸಲಕರಣೆ ಹೇರಿಕೊಂಡು ಬಿಹಾರದ ಡುಮ್ರಾವ್‌ವರೆಗೆ ಹೋಗಿ ತಮ್ಮ ದರ್ಶನ ಮಾಡಬೇಕಾಯಿತು. 1980ರ ಫೆಬ್ರವರಿ 16ರಂದು ತಾವು ಒಡಿಶಾದ ಕೊನಾರ್ಕದ ಮೇಲೆ ಹಾದು ಹೋದಿರಿ. 1995ರ ಅಕ್ಟೋಬರ್ 24ರಂದು ಈ ನಗರದಿಂದ ಐವತ್ತು ಕಿಲೋಮೀಟರಿನಷ್ಟು ದೂರದ ಡೈಮಂಡ್ ಹಾರ್ಬರ್‌ಗೆ ಬಂದಿರಿ. 2009ರ ಜುಲೈ 22ರಂದು ಉತ್ತರ ಬಂಗಾಳದ ಸಿಲಿಗುರಿ, ಜಲಪಾಯಿಗುರಿ, ಕೂಚ್ ಬಿಹಾರಗಳನ್ನು ಪಾವನ ಮಾಡಿದಿರಿ. ಪಶ್ಚಿಮಕ್ಕೊಮ್ಮೆ, ದಕ್ಷಿಣಕ್ಕೆರಡು ಸಲ, ಉತ್ತರಕ್ಕೊಮ್ಮೆ. ಪ್ರದಕ್ಷಿಣೆ ಹಾಕಿದವರಂತೆ ಈ ಊರನ್ನು ಸುತ್ತಿದ್ದೀರಿ, ಒಳಗೆ ಕಾಲಿಡಲಿಲ್ಲ. ಕೋಟಿಗೂ ಮೀರಿದ ಜನ ವಾಸಿಸುವ ಮಹಾನಗರ ಇದು. ಒಂದು ಸಲ, ಒಂದೇ ಒಂದು ಸಲ, ಹೌರಾ ಸೇತುವೆಯ ಮೇಲೆ ಹಾದು ಹೋಗಿದ್ದರೆ ತಮ್ಮ ದಾರಿಗೆ ಎಷ್ಟು ಬಳಸಾಗುತ್ತಿತ್ತು?

1995ರ ವಿಚಾರವನ್ನು ಬಿಡಿಸಿ ಹೇಳಬೇಕು. ಹಿಂದಿನ ರಾತ್ರಿ ಕಾಳಿಪೂಜೆ. ಇಡೀ ಊರಿಗೆ ಪಟಾಕಿಯ ಹೊಗೆ ಮೆತ್ತಿಕೊಂಡಿತ್ತು, ಪೂಜೆಯ ಪೆಂಡಾಲುಗಳಲ್ಲಿ ಢಾಕಿಗಳು ಇನ್ನೂ ಬಾರಿಸುತ್ತಲೇ ಇದ್ದರು. ನಿದ್ದೆಯನ್ನೇ ಮಾಡದ ಜನ ಬೆಳಕು ಹರಿಯುವ ಮುಂಚೆ ಸಿಯಾಲ್ದಾ ನಿಲ್ದಾಣದ ದಕ್ಷಿಣದ ಕಡೆಯ ಪ್ಲಾಟ್‌ಫಾರಂಗಳಲ್ಲಿ ತುಂಬಿಕೊಂಡಿದ್ದರು. ನಾವು ನಮ್ಮ ಮಹಡಿಯ ಬಂಗಾಳಿ ನೆರೆಯವರ ಜೊತೆ ಹೊರಟೆವು. ಲೋಕಲ್ ರೈಲಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಯಾರದೋ ಮಡಿಲಲ್ಲಿ ಯಾರದೋ ಮಗು, ಯಾರದೋ ತಲೆಯ ಮೇಲೆ ಯಾರದೋ ಟ್ರೈಪಾಡ್. ಡೈಮಂಡ್ ಹಾರ್ಬರ್‌ನಲ್ಲಿ ಹೂಗ್ಲಿ ನದಿ ಆಚೆ ದಡ ಮಸುಕಾಗುವಷ್ಟು ಅಗಲ. ಆ ದಂಡೆಯ ಉದ್ದಕ್ಕೂ ಜನ ಟಾರ್ಪಾಲು, ಚಾಪೆ, ಹಳೆಯ ಸೀರೆ ಹಾಸಿಕೊಂಡು ಕೂತಿದ್ದರು. ಶಾಲೆಯ ಮೇಷ್ಟರುಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರಟ್ಟಿನ ಕನ್ನಡಕ ಹಂಚುತ್ತಿದ್ದರು. ವಿಜ್ಞಾನ ಸಂಘಟನೆಗಳ ಹುಡುಗರು ಕೊರಳಿಗೆ ಫಲಕ ತೂಗುಹಾಕಿಕೊಂಡು, ಎಕ್ಸ್‌ರೇ ಹಾಳೆಯಲ್ಲಿ ನೋಡಬೇಡಿ, ಫೋಟೊ ನೆಗೆಟಿವ್‌ನಲ್ಲಿ ನೋಡಬೇಡಿ ಎಂದು ಗಂಟಲು ಕಟ್ಟುವವರೆಗೂ ಕೂಗುತ್ತಿದ್ದರು. ಮಣ್ಣಿನ ಭಾಂಡದಲ್ಲಿ ಚಹಾ ಮಾರುವವನು ವ್ಯಾಪಾರ ಬಿಟ್ಟು ಮೇಲೆ ನೋಡುತ್ತ ನಿಂತಿದ್ದ.

ನಮ್ಮ ಗುಂಪಿಗೆ ಎರಡೇ ಕನ್ನಡಕ ಇದ್ದವು. ಸ್ವಲ್ಪ ಹೊತ್ತಿಗೆ ಅವು ನಮ್ಮವಾಗಿ ಉಳಿಯಲಿಲ್ಲ. ಪಕ್ಕದಲ್ಲಿ ಕೂತ ಒಬ್ಬ ಹುಡುಗ, "ದಿದಿ, ಏಕ್‌ಬಾರ್ ದೇಖ್ತೆ ದೇಬೇನ್?" ಅಕ್ಕಾ, ಒಂದು ಸಲ ನೋಡಲು ಕೊಡುವಿರಾ ಎಂದು ಕೇಳಿದ. ಅವನಿಂದ ಅವನ ತಾಯಿಗೆ, ತಾಯಿಯಿಂದ ಮೀನುಗಾರ ಮುದುಕನೊಬ್ಬನಿಗೆ, ಅವನಿಂದ ಸೂಟು ತೊಟ್ಟ ಯಾರೋ ಅಧಿಕಾರಿಗೆ. ಕನ್ನಡಕ ಕೈಯಿಂದ ಕೈಗೆ ಹೋಗಿ, ಪ್ರತಿ ಸಲವೂ ತಪ್ಪದೆ ಹಿಂತಿರುಗಿ ಬಂತು. ಮರದ ಕೆಳಗೆ, ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಸಣ್ಣ ಸಣ್ಣ ಕುಡುಗೋಲುಗಳಾಗಿದ್ದವು. ಮಕ್ಕಳು ಅವನ್ನು ಅಂಗೈಯಲ್ಲಿ ಹಿಡಿಯಲು ಹೋಗಿ ನಗುತ್ತಿದ್ದರು.

ಎಂಟೂವರೆ ದಾಟಿದ ಮೇಲೆ ಬೆಳಕಿನ ಬಣ್ಣವೇ ಕೆಟ್ಟಿತು. ಅದು ಸಂಜೆಯ ಕೆಂಪಲ್ಲ, ಮೋಡದ ಕಪ್ಪೂ ಅಲ್ಲ. ಎಲ್ಲರ ಮುಖದ ಮೇಲೂ ಸೀಸದ ಬಣ್ಣ ಬಂತು. ಗಾಳಿ ತಣ್ಣಗಾಯಿತು. ಕಾಗೆಗಳು ಗುಂಪಾಗಿ ಮರ ಹುಡುಕಿಕೊಂಡು ಹೋದವು. ಆಮೇಲೆ, ಮಹನೀಯರೇ, ತಾವು ನದಿಯ ಮೇಲೆ ಹಾದು ಬಂದಿರಿ. ಅಂಚಿನಲ್ಲಿ ಒಂದೇ ಒಂದು ಬೆಳಕಿನ ಹರಳು ಮಿನುಗಿ ಆರಿತು. ಕನ್ನಡಕ ತೆಗೆಯಬಹುದಾದ ಒಂದೇ ಗಳಿಗೆ ಅದು. ಕಪ್ಪು ತಟ್ಟೆಯ ಸುತ್ತ ಬೆಳ್ಳಗೆ ಹರಡಿದ ಸೂರ್ಯನ ಪ್ರಭಾವಲಯ, ಕರೋನಾ, ಪಕ್ಕದಲ್ಲಿ ಹಗಲಲ್ಲೇ ಶುಕ್ರ. ದಂಡೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೊದಲು ಒಂದೇ ಕೂಗು ಎದ್ದಿತು. ಹಿಂದೆಯೇ ಶಂಖಗಳು, ಹೆಂಗಸರ ಉಲುಧ್ವನಿ. ನನ್ನ ಪಕ್ಕದ ಮುದುಕ ಅಳುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ, ಯಾಕೆಂದರೆ ನಾವೆಲ್ಲರೂ ಹೆಚ್ಚು ಕಡಿಮೆ ಅದೇ ಸ್ಥಿತಿಯಲ್ಲಿದ್ದೆವು.

ಒಂದು ನಿಮಿಷಕ್ಕೆ ತುಸು ಹೆಚ್ಚು. ಅಷ್ಟೇ ತಾವು ದಯಪಾಲಿಸಿದ್ದು. 2027ರ ಆಗಸ್ಟ್ 2ರ ಲೆಕ್ಕದಲ್ಲಿ ಈಜಿಪ್ಟಿನ ಲಕ್ಸರ್‌ಗೆ ಆರು ನಿಮಿಷಕ್ಕೂ ಮಿಕ್ಕಿ ಬರೆದಿದ್ದೀರಿ. ಡೈಮಂಡ್ ಹಾರ್ಬರ್‌ಗೆ ಒಂದು ನಿಮಿಷ. ಆದರೂ ತಮ್ಮ ಔದಾರ್ಯಕ್ಕೆ ನಮಸ್ಕಾರ, ಯಾಕೆಂದರೆ ಆ ಒಂದು ನಿಮಿಷದಲ್ಲಿ ಆ ದಂಡೆಯ ಮೇಲೆ ಜಾತಿ, ಭಾಷೆ, ಸಂಬಳ ಯಾವುದೂ ಇರಲಿಲ್ಲ. ಬೆಳಕು ಮರಳಿದ ಮೇಲೆ ಗುರುತಿಲ್ಲದವರು ಅಪ್ಪಿಕೊಂಡರು. ಕಾಳಿಪೂಜೆಯ ಸಂದೇಶ್ ಮಿಠಾಯಿಯ ಪೊಟ್ಟಣಗಳನ್ನು ಬಿಚ್ಚಿ ಸುತ್ತಲಿನ ಎಲ್ಲರ ಬಾಯಿಗೂ ಇಟ್ಟರು. ಗ್ರಹಣ ಇನ್ನೂ ಬಿಟ್ಟಿರಲಿಲ್ಲ, ಅರ್ಧ ಸೂರ್ಯ ಹಾಗೇ ಇದ್ದ. ಜನ ತಿಂದರು, ಯಾರಿಗೂ ಏನೂ ಆಗಲಿಲ್ಲ. ನನ್ನ ದೂರು ಇರುವುದು ಇಲ್ಲೇ. ಅಷ್ಟು ಸಾವಿರ ಜನರನ್ನು ಒಂದೇ ಉಸಿರಿಗೆ ಹತ್ತಿರ ಮಾಡಿ, ಮರುಕ್ಷಣವೇ ಸಮುದ್ರದ ಕಡೆ ನಡೆದುಬಿಟ್ಟಿರಿ. ಹಿಂದಿರುಗುವ ರೈಲಿನಲ್ಲಿ ಅದೇ ಜನ ಸೀಟಿಗಾಗಿ ನೂಕಾಡಿದರು. ಇನ್ನೊಂದು ನಿಮಿಷ ತಾವು ನಿಂತಿದ್ದರೆ ಆ ಹತ್ತಿರ ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತಿತ್ತೇನೋ ಎಂಬ ಆಸೆ ನನಗೆ ಈಗಲೂ ಇದೆ.

ನಗರದಲ್ಲೇ ಉಳಿದವರಿಗೆ ತಾವು ಮಾಡಿದ್ದು ಇನ್ನೂ ಕ್ರೂರ. ಕೋಲ್ಕತ್ತದ ಮಹಡಿಗಳ ಮೇಲೆ ನಿಂತವರಿಗೆ ಸೂರ್ಯನ ಒಂದೇ ಒಂದು ಎಳೆ ಉಳಿದಿತ್ತು. ಸೂರ್ಯನ ನೂರರಲ್ಲಿ ಒಂದು ಪಾಲು ಉಳಿದರೂ ಅದರ ಬೆಳಕು ಹುಣ್ಣಿಮೆಯ ಚಂದ್ರನ ಸಾವಿರಾರು ಪಟ್ಟು. ಆ ಎಳೆಯೊಂದು ಸಾಕು, ಕರೋನಾ ಕಾಣುವುದಿಲ್ಲ, ನಕ್ಷತ್ರ ಕಾಣುವುದಿಲ್ಲ, ಕನ್ನಡಕ ತೆಗೆಯುವಂತಿಲ್ಲ. ಅವರು ನೋಡಿದ್ದೂ ಗ್ರಹಣ, ನಾವು ನೋಡಿದ್ದೂ ಗ್ರಹಣ. ಆದರೆ ಅವೆರಡರ ನಡುವಿನ ಅಂತರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಆ ಬೆಳಗ್ಗೆ ದೂರದರ್ಶನದಲ್ಲಿ ಪ್ರೊಫೆಸರ್ ಯಶ್‌ಪಾಲ್ ದೇಶಕ್ಕೆಲ್ಲ ಮಾತಾಡುತ್ತ, ಹೆದರಬೇಡಿ, ಹೊರಗೆ ಬನ್ನಿ ಎಂಬ ಧೈರ್ಯ ಕೊಟ್ಟರು. ವಾಯುಪಡೆಯ ಮಿಗ್-25 ವಿಮಾನ ತಮ್ಮ ಬೆನ್ನು ಹತ್ತಿ ಆಕಾಶದ ಎತ್ತರದಿಂದ ಚಿತ್ರ ತೆಗೆಯಿತು. ರಾಜಸ್ಥಾನದಿಂದ ಬಂಗಾಳದವರೆಗೆ ಬರಲು ತಮಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಂಥ ಅವಸರದವರನ್ನು ನಾವು ನಿಂತು ಮಾತಾಡಿಸುವುದಾದರೂ ಹೇಗೆ?

ಇನ್ನು ನನ್ನ ತವರಿನ ಮಾತು. ಇಲ್ಲಿ ನನ್ನ ದನಿ ಸ್ವಲ್ಪ ಏರಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕನ್ನಡ ನಾಡಿನ ಮೇಲೆ ತಮಗೆ ಹಿಂದಿನಿಂದಲೂ ಒಲವಿತ್ತು. 1868ರ ಆಗಸ್ಟ್ 18ರಂದು ತಾವು ಬಿಜಾಪುರ ಸೀಮೆಯ ಮೇಲೆ ಹಾದು ಹೋದಾಗ, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಶೆಲ್‌ನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಶೆಲ್ ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕ ಹಿಡಿದು ಕಾದಿದ್ದ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಇದ್ದ. ಆ ಗ್ರಹಣದ ರೋಹಿತದಲ್ಲಿ ಕಂಡ ಹಳದಿ ಗೆರೆಯ ಜಾಡು ಹಿಡಿದೇ ಹೀಲಿಯಂ ಎಂಬ ಹೊಸ ಧಾತು ಬೆಳಕಿಗೆ ಬಂತು. 1871ರ ಡಿಸೆಂಬರ್ 12ರಂದು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ, ಈಗ ಕಾಸರಗೋಡಿಗೆ ಸೇರಿದ ಬೇಕಲ ಕೋಟೆಗೆ ದಯಮಾಡಿಸಿದಿರಿ. ಅಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕಿಯರ್ ತನ್ನ ತಂಡದೊಂದಿಗೆ ಕಾದಿದ್ದ. ಸಮುದ್ರಗಳನ್ನು ದಾಟಿ ಬಂದವರು ನಮ್ಮ ಕೋಟೆಯ ಮೇಲೆ ನಿಂತು ತಮ್ಮನ್ನು ನೋಡಿ ಹೋದರು.

1980ರಲ್ಲಿ ತಾವು ನಮಗೇ ಬಂದಿರಿ. ಕಾರವಾರ, ಅಂಕೋಲೆಯಿಂದ ಹುಬ್ಬಳ್ಳಿ, ಗದಗ, ರಾಯಚೂರಿನವರೆಗೆ. ಫೆಬ್ರವರಿ 16, ಶನಿವಾರ, ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ. ಬೇಸಿಗೆಯ ಬಾಗಿಲಲ್ಲಿದ್ದ ಶುಭ್ರ ಆಕಾಶ. ಎರಡೂವರೆ ನಿಮಿಷದ ಆಸುಪಾಸು, ಅಂದರೆ ಡೈಮಂಡ್ ಹಾರ್ಬರ್‌ನ ಎರಡು ಪಟ್ಟು. ಇದಕ್ಕಿಂತ ದೊಡ್ಡ ಕೃಪೆಯನ್ನು ಯಾವ ನಾಡೂ ಬೇಡಲಾರದು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ, ತಮ್ಮ ಸ್ವಾಗತಕ್ಕೆ ಉಪಕರಣಗಳ ಸಾಲನ್ನೇ ನಿಲ್ಲಿಸಿದ್ದರು. ನಾವು? ನಾವು ಬಾಗಿಲು ಹಾಕಿಕೊಂಡೆವು.

ನಮ್ಮ ಓಣಿಯಲ್ಲಿ ಒಂದು ಕಿಟಕಿ ತೆರೆದಿರಲಿಲ್ಲ. ಉಪ್ಪಿನಕಾಯಿ ಭರಣಿ, ಹಾಲಿನ ಪಾತ್ರೆ, ಕುಡಿಯುವ ನೀರಿನ ಹಂಡೆ, ಎಲ್ಲದರ ಮೇಲೂ ಆಯಿ ದರ್ಭೆ ಇಟ್ಟಿದ್ದಳು. ನನ್ನ ಅಕ್ಕ ಆಗ ತುಂಬು ಬಸುರಿ, ಬಾಣಂತನಕ್ಕೆ ಬಂದಿದ್ದಳು. ನಡುಮನೆಯ ಕತ್ತಲಲ್ಲಿ ಅವಳನ್ನು ಚಾಪೆಯ ಮೇಲೆ ನೆಟ್ಟಗೆ ಮಲಗಿಸಿದ್ದರು. ಈಳಿಗೆ ಮುಟ್ಟಬಾರದು, ಸೂಜಿ ಹಿಡಿಯಬಾರದು, ಮಗ್ಗಲು ಬದಲಿಸಬಾರದು, ತುರಿಸಿಕೊಳ್ಳಲೂಬಾರದು. ಮಗುವಿಗೆ ತುಟಿ ಸೀಳಿ ಹುಟ್ಟುತ್ತದೆ ಎಂಬ ಭಯ. "ನೀರು ಬೇಕವ್ವ" ಎಂದು ಅವಳು ಕೇಳಿದ್ದು ನನಗೆ ಇಂದಿಗೂ ಕೇಳುತ್ತದೆ. "ಇನ್ನs ಸ್ವಲ್ಪ ತಡಕೋ, ಬಿಡತದ" ಎಂದು ಅವ್ವ ತಾನೂ ಅಳುತ್ತ ಹೇಳಿದಳು. ಹೊರಗೆ ತಾವು ನಮ್ಮ ಮಾಳಿಗೆಯ ಮೇಲೆ ಹಾದು ಹೋಗುತ್ತಿದ್ದಿರಿ. ಕಿಟಕಿಯ ಸಂದಿನ ಬೆಳಕಿನ ಗೆರೆ ಅಳಿಸಿ ಹೋಗಿದ್ದಷ್ಟೇ ನನಗೆ ಕಂಡದ್ದು. ಓಣಿಯ ನಾಯಿಗಳು ಮಾತ್ರ ಹೊರಗಿದ್ದವು. ಕೋಲ್ಕತ್ತದಲ್ಲಿ ಅಂದು ಗ್ರಹಣ ಪಾರ್ಶ್ವವಾಗಿತ್ತು. ಬೀದಿಗಳು ಅಲ್ಲೂ ಖಾಲಿಯಿದ್ದವೆಂದು ನನ್ನ ಅತ್ತೆಯವರು ಹೇಳುತ್ತಾರೆ. ಜನ ಮನೆಯಲ್ಲೇ ಉಳಿಯಲೆಂದು ದೂರದರ್ಶನ ಅಂದು ಸಿನಿಮಾ ಹಾಕಿತ್ತೆಂದು ಆ ತಲೆಮಾರಿನ ಎಷ್ಟೋ ಜನ ನೆನೆಯುತ್ತಾರೆ.

ಅಕ್ಕನಿಗೆ ಮಗಳು ಹುಟ್ಟಿದಳು, ಚೆನ್ನಾಗಿಯೇ ಹುಟ್ಟಿದಳು. ಮನೆಯವರು ಅದನ್ನು ದರ್ಭೆಯ ಪುಣ್ಯ ಎಂದರು. ಅಂದು ಹೊರಗೆ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಬಸುರಿಯರೂ ಇದ್ದರು, ಅವರಿಗೂ ಮಕ್ಕಳು ಚೆನ್ನಾಗಿಯೇ ಹುಟ್ಟಿದವು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಸೀಳುತುಟಿ ಗರ್ಭದ ಮೊದಲ ತಿಂಗಳುಗಳಲ್ಲಿ, ಮುಖ ಕೂಡುವ ಹೊತ್ತಿನಲ್ಲಿ ಆಗುವ ದೋಷ. ತಮಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ತಮ್ಮ ಮೇಲೆ ಹೊರಿಸಿದ ಈ ಅಪವಾದವನ್ನು ತಾವು ಇಷ್ಟು ಶತಮಾನ ಮೌನವಾಗಿ ಸಹಿಸಿದ್ದೀರಿ. ತಮ್ಮ ತಾಳ್ಮೆ ದೊಡ್ಡದು, ಆದರೆ ಅದಕ್ಕೆ ಬೆಲೆ ತೆತ್ತವರು ಚಾಪೆಯ ಮೇಲೆ ಬಾಯಾರಿ ಮಲಗಿದ ಹೆಣ್ಣುಮಕ್ಕಳು.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಕನ್ನಡದ ಅದೆಷ್ಟೋ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ ಕೊಟ್ಟ ದಾನಗಳ ದಾಖಲೆಯಿದೆ: ಭೂಮಿ, ತೋಟ, ದೇವಾಲಯದ ದೀಪಕ್ಕೆ ಎಣ್ಣೆ. ಪಟ್ಟದಕಲ್ಲಿನಲ್ಲಿ ಎರಡನೆಯ ಕೀರ್ತಿವರ್ಮನ ಕಾಲದ ಕಂಬದ ಶಾಸನ 754ನೆಯ ಇಸವಿಯದು ಎಂದು ವಿದ್ವಾಂಸರು ಗೊತ್ತು ಮಾಡಿದ್ದು ಅದರಲ್ಲಿರುವ ಗ್ರಹಣದ ಉಲ್ಲೇಖದಿಂದ. ದಾನ ಕೊಡುವುದು ಕದ ಮುಚ್ಚಿದ ಕೋಣೆಯಲ್ಲಲ್ಲ. ಅದಕ್ಕೆ ಹೊಳೆ ಬೇಕು, ಜನ ಬೇಕು, ಸಾಕ್ಷಿಗಳು ಬೇಕು. ಆಗಿನವರೂ ತಮ್ಮನ್ನು ಪವಿತ್ರವೆಂದೇ ನಂಬಿದ್ದರು. ಆ ನಂಬಿಕೆ ಅವರನ್ನು ಬಯಲಿಗೆ ಕರೆತಂದಿತ್ತು. ಕೋಲ್ಕತ್ತದ ಬಾಬುಘಾಟಿನಲ್ಲಿ ಗ್ರಹಣದ ದಿನ ಗಂಗಾಸ್ನಾನಕ್ಕೆ ಬರುವ ಜನರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವರು ಆಕಾಶದ ಕೆಳಗೆ ಬರುತ್ತಾರೆ. ನನ್ನ ಜಗಳ ಕಿಟಕಿಯ ಚಿಲಕದ ಜೊತೆ.

ತಮ್ಮ ಹೊತ್ತು ಗೊತ್ತಿನ ಬಗೆಗೂ ಒಂದೆರಡು ಮಾತು. 2009ರಲ್ಲಿ ತಾವು ಆರಿಸಿಕೊಂಡದ್ದು ಭೀಮನ ಅಮಾವಾಸ್ಯೆ, ನಟ್ಟ ನಡು ಮಳೆಗಾಲ. ಬಿಹಾರದ ತಾರೇಗನಾದಲ್ಲಿ ದೇಶದ ಮೂಲೆಮೂಲೆಯಿಂದ ಬಂದು ನೆರೆದವರಿಗೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. 2020ರ ಜೂನ್ 21 ಭಾನುವಾರವೇ ಆಗಿತ್ತು, ಎಲ್ಲರಿಗೂ ಬಿಡುವಿನ ದಿನ. ಆದರೆ ಆಗ ಪಕ್ಕದ ಮನೆಯವರ ಪಕ್ಕ ನಿಲ್ಲುವುದೇ ಅಪಾಯವಾಗಿತ್ತು. ಒಬ್ಬರ ಕನ್ನಡಕ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಕೋಲ್ಕತ್ತದವರು ಅವರವರ ಮಹಡಿಯ ಮೇಲೆ ನಿಂತು ದೂರದಿಂದಲೇ ಕೈಬೀಸಿದರು. 2022ರ ಅಕ್ಟೋಬರ್ 25ರಂದು ಈ ಊರಿಗೆ ತಾವು ಪಾರ್ಶ್ವವಾಗಿ ಬಂದದ್ದು ಸೂರ್ಯ ಮುಳುಗಲು ಹತ್ತು ಹನ್ನೆರಡು ನಿಮಿಷ ಇದ್ದಾಗ. ಮತ್ತೆ ಅದೇ ಕಾಳಿಪೂಜೆಯ ಮರುದಿನ! ಹೂಗ್ಲಿಯ ದಂಡೆಗೆ ಓಡಿ ಬಂದವರಿಗೆ ಹೌರಾ ಕಡೆಯ ಕಟ್ಟಡಗಳ ಹಿಂದೆ ಒಂದು ಚೂರು ಕಚ್ಚಿದ ಸೂರ್ಯ ಕಂಡ, ಅಷ್ಟರಲ್ಲಿ ಮುಗಿಯಿತು.

ಈಗ ಬಲು ನೋವಿನ ಸಂಗತಿ. 2019ರ ಡಿಸೆಂಬರ್ 26ರಂದು ತಾವು ಕಂಕಣರೂಪದಲ್ಲಿ ಮಂಗಳೂರು, ಕಾಸರಗೋಡು, ಕೊಡಗುಗಳಿಗೆ ಬಂದಿರಿ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸಾವಿರಾರು ಜನ ಒಟ್ಟಾಗಿ ನಿಂತು ಬೆಂಕಿಯ ಬಳೆಯನ್ನು ನೋಡಿದರು. ಅದೇ ಬೆಳಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು, ಗ್ರಹಣ ಬಿಡುವ ಹೊತ್ತಿಗೆ ಕೈಕಾಲು ಸರಿಹೋಗುತ್ತವೆ ಎಂದು. ಆ ತಾಯಿತಂದೆಯರನ್ನು ನಾನು ಬಯ್ಯಲಾರೆ. ಆಸ್ಪತ್ರೆ ದೂರವಾದಾಗ, ಆಸೆ ಮಾತ್ರ ಉಳಿದಾಗ ಜನ ಏನನ್ನಾದರೂ ನಂಬುತ್ತಾರೆ. ಆದರೆ ಗ್ರಹಣಕ್ಕೆ ವಾರವಿರುವಾಗಲೇ ಪರದೆಯ ಮೇಲೆ ಕೂತು, ಯಾವ ರಾಶಿಗೆ ಎಷ್ಟು ಕೇಡು ಎಂದು ಪಟ್ಟಿ ಓದುವವರಿದ್ದಾರಲ್ಲ, ಅವರು ತಮ್ಮ ಹೆಸರಿನಲ್ಲೇ ಮಾತಾಡುತ್ತಾರೆ. ತಾವು ಅವರಿಗೆ ಮುಖ್ತಿಯಾರ ಪತ್ರ ಬರೆದುಕೊಟ್ಟಿದ್ದೀರಾ? ಕೊಟ್ಟಿಲ್ಲವಾದರೆ ದಯವಿಟ್ಟು ಒಮ್ಮೆ ಬಹಿರಂಗವಾಗಿ ನಿರಾಕರಿಸಬೇಕು. ಅವರ ಮಾತಿನಿಂದ ಒಂದು ತಲೆಮಾರಿನ ಮಕ್ಕಳು ಮತ್ತೆ ಒಳಗೆ ಸೇರುತ್ತಿದ್ದಾರೆ. ನನ್ನ ಬಾಲ್ಯದಲ್ಲಿ ಹೆದರಿಸಿದ್ದು ಆಯಿ, ಅವಳಿಗೆ ಬೇರೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿದೆ.

ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ. ತಮ್ಮ ಸಂಚಾರದ ವೇಳಾಪಟ್ಟಿ ತಯಾರಾಗುವುದು ಇದೇ ಕೋಲ್ಕತ್ತದಲ್ಲಿ. ಸಾಲ್ಟ್ ಲೇಕ್‌ನ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ವರ್ಷ ವರ್ಷವೂ ಲೆಕ್ಕ ಹಾಕಿ ರಾಷ್ಟ್ರೀಯ ಪಂಚಾಂಗ ಹೊರತರುತ್ತದೆ, ಕನ್ನಡದಲ್ಲೂ ತರುತ್ತದೆ. ಅದರ ಹಿಂದೆ ಮೇಘನಾದ ಸಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿ ಇದೆ. ಅದರ ವರದಿ ಬಂದದ್ದು 1955ರಲ್ಲಿ. ಅದೇ ಸಹಾ, ಕಲ್ಕತ್ತೆಯಲ್ಲಿ ಪಾಠ ಹೇಳುತ್ತಿದ್ದ ತರುಣ, 1920ರಲ್ಲಿ ಸೂರ್ಯನ ವರ್ಣಗೋಳದ ಅಯಾನೀಕರಣದ ಬಗ್ಗೆ ಬರೆದ ಪ್ರಬಂಧ ನಕ್ಷತ್ರಗಳನ್ನು ಓದುವ ರೀತಿಯನ್ನೇ ಬದಲಿಸಿತು. ಆ ವರ್ಣಗೋಳದ ರೋಹಿತ ಮಿಂಚಿನಂತೆ ಕಂಡು ಮರೆಯಾಗುವುದು ತಾವು ಸೂರ್ಯನನ್ನು ಮುಚ್ಚುವ ಆ ಒಂದೆರಡು ಕ್ಷಣಗಳಲ್ಲಿ. ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಸೇರಿ ಐನ್‌ಸ್ಟೈನರ ಸಾಪೇಕ್ಷತೆಯ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದು ಕಲ್ಕತ್ತ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ್ದೂ 1920ರಲ್ಲೇ, 1919ರ ಮೇ 29ರ ಗ್ರಹಣದಲ್ಲಿ ನಕ್ಷತ್ರದ ಬೆಳಕು ಐನ್‌ಸ್ಟೈನರು ಹೇಳಿದಂತೆ ಬಾಗಿದ್ದನ್ನು ಎಡಿಂಗ್ಟನ್ ತೋರಿಸಿಕೊಟ್ಟ ಬೆನ್ನಿಗೇ. ಇಷ್ಟೆಲ್ಲ ಋಣ ಇರುವ ಊರು ಇದು. ಇಷ್ಟೆಲ್ಲ ತಮಗಾಗಿ ದುಡಿದ ಊರು ಇದು. ಆದರೂ ತಾವು ಹೊರವಲಯದಲ್ಲೇ ಹಾದು ಹೋಗುತ್ತೀರಿ.

ತಮ್ಮ ಮೇಲೆ ಇನ್ನೊಂದು ದೂರು ಇದೆ, ಅದು ತಮ್ಮ ಕೈಯಲ್ಲೂ ಇಲ್ಲ ಎಂದು ಬಲ್ಲೆ. ಸೂರ್ಯನ ವ್ಯಾಸ ಚಂದ್ರನ ಸುಮಾರು ನಾನೂರು ಪಟ್ಟು, ದೂರವೂ ಸುಮಾರು ನಾನೂರು ಪಟ್ಟು. ಆ ಲೆಕ್ಕ ಕೂಡಿಬಂದದ್ದರಿಂದಲೇ ತಾವು ಸೂರ್ಯನನ್ನು ಸರಿಯಾಗಿ ಮುಚ್ಚಬಲ್ಲಿರಿ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಕೋಟ್ಯಂತರ ವರ್ಷಗಳ ಮೇಲೆ ಪೂರ್ಣ ಗ್ರಹಣ ಎಂಬುದೇ ಇರುವುದಿಲ್ಲ. ನಾವು ಹುಟ್ಟಿದ್ದು ತಾವು ಇರುವ ಕಾಲದಲ್ಲಿ. ಇದ್ದೂ ನೋಡದೆ ಹೋದರೆ ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಆದ್ದರಿಂದ ಈ ಕೊನೆಯ ವಿಜ್ಞಾಪನೆ. ತಮ್ಮ ಕುಟುಂಬದ ಪದ್ಧತಿ ನನಗೆ ಗೊತ್ತಿದೆ. ಒಂದು ಗ್ರಹಣದಂಥದ್ದೇ ಇನ್ನೊಂದು ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ಗಂಟೆಗಳ ಮೇಲೆ ಬರುತ್ತದೆ. ಆ ಎಂಟು ಗಂಟೆಯಲ್ಲಿ ಭೂಮಿ ಒಂದು ಸುತ್ತಿನ ಮೂರನೆಯ ಒಂದು ಪಾಲು ತಿರುಗಿರುತ್ತದೆ, ಹಾಗಾಗಿ ನೆರಳು ಬೇರೆ ಖಂಡದ ಮೇಲೆ ಬೀಳುತ್ತದೆ. ಮೂರು ಸಲ ಕಳೆದರೆ ಮತ್ತೆ ನಮ್ಮ ಕಡೆಗೇ ತಿರುಗುತ್ತದೆ. 1980ರಲ್ಲಿ ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದ ಅದೇ ವಂಶದ ನೆರಳು 1998ರಲ್ಲಿ ಕೆರಿಬಿಯನ್ ದ್ವೀಪಗಳಿಗೆ, 2016ರಲ್ಲಿ ಇಂಡೊನೇಷ್ಯಾಕ್ಕೆ ಹೋಗಿ, 2034ರಲ್ಲಿ ಭಾರತಕ್ಕೆ ಮರಳುತ್ತಿದೆ. ಈ ಸಲ ಲಡಾಖಿನ ಮೇಲೆ, ಸಂಜೆಯ ಹೊತ್ತಿಗೆ. ಅದಕ್ಕೂ ಮುಂಚೆ 2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಂಕಣ ಗ್ರಹಣವಿದೆ. ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದ ಅಕ್ಕನ ಹೊಟ್ಟೆಯಲ್ಲಿದ್ದ ಮಗಳು ಈಗ ನಡುವಯಸ್ಸಿನವಳು. ಲಡಾಖಿಗೆ ಅಮ್ಮನನ್ನೂ ಕರೆದುಕೊಂಡು ಹೋಗುವೆ ಎನ್ನುತ್ತಾಳೆ. ತಾವು ಬರುವ ಹೊತ್ತಿಗೆ ಆಕಾಶ ತಿಳಿಯಾಗಿರಲಿ ಎಂಬುದಷ್ಟೇ ನಮ್ಮ ಮನೆಯ ಬೇಡಿಕೆ. ಕೋಲ್ಕತ್ತಕ್ಕೆ ಎಂದು ಬರುವಿರೋ ತಮ್ಮ ಚಿತ್ತ.

ಇದನ್ನು ಓದುತ್ತಿರುವ ಕನ್ನಡದ ಮನೆಗಳಿಗೂ ಒಂದು ಮಾತು. ದಿನಾಂಕ 20 ಮಾರ್ಚ್ 2034, ಸೋಮವಾರ. ಪೂರ್ಣ ಗ್ರಹಣಕ್ಕೆ ಲಡಾಖಿಗೆ ಹೋಗಲಾರದವರಿಗೆ ಕರ್ನಾಟಕದಲ್ಲೂ ಅದು ಪಾರ್ಶ್ವವಾಗಿ ಕಾಣುತ್ತದೆ. ಐಎಸ್‌ಒ 12312-2 ಎಂದು ಬರೆದಿರುವ ಗ್ರಹಣದ ಕನ್ನಡಕಗಳನ್ನು ನಂಬಿಕೆಯ ಕಡೆಯಿಂದ ಮುಂಚಿತವಾಗಿ ತಂದಿಟ್ಟುಕೊಳ್ಳಿ. ಎಕ್ಸ್‌ರೇ ಹಾಳೆ, ಹೊಗೆ ಹಿಡಿಸಿದ ಗಾಜು ಬೇಡ. ಒಂದೆರಡು ಹೆಚ್ಚಿಗೆ ತನ್ನಿ, ಪಕ್ಕದ ಮನೆಯವರಿಗೆ ಬೇಕಾಗುತ್ತದೆ. ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಅವಳಿಗೆ ಕುಡಿಯಲು ನೀರು ಕೊಡಿ, ಕೈಗೆ ಒಂದು ಕನ್ನಡಕ ಕೊಡಿ, ಹೊರಗೆ ಕರೆದುಕೊಂಡು ಬನ್ನಿ.